ನಿಮ್ಮೂರು ಯಾವುದು?

ಮೈಸೂರಿಂದ ಕುಶಾಲನಗರದ ಮದುವೆಗೆ ಹೊರಟಿದ್ದೆ. ಬಸ್ಸಲ್ಲಿ ಪಕ್ಕದಲ್ಲಿ ಒಬ್ಬ ಯುವ ಬೌದ್ಧ ಭಿಕ್ಷು. ನಮ್ಮ ಕಡೆಯವರ ಅಭ್ಯಾಸ ನೋಡಿ, ಕೇಳೇಬಿಟ್ಟೆ: "ನಿಮ್ಮೂರು ಯಾವುದು?"

"ಬೈಲುಕುಪ್ಪೆ, ಒಂದನೇ ಕ್ಯಾಂಪ್" ಅಂದರು, ಒಳ್ಳೇ ಕನ್ನಡದಲ್ಲಿ.

"ಅಲ್ಲ, ಮೂಲ ಊರು?"

"ಹುಟ್ಟಿದ್ದು ಇಲ್ಲೇ. ಅಜ್ಜಿ ಟಿಬೆಟ್ ಅಂತಾರೆ. ನಾನು ನೋಡಿಲ್ಲ" ಅಂತ ನಕ್ಕರು.

ಈ ಪ್ರಶ್ನೆ ಬೌದ್ಧರಿಗೆ ಹೊಸದಲ್ಲ. ಅವರ ಚರಿತ್ರೆ ಶುರುವಾಗೋದೇ ಸಿದ್ಧಾರ್ಥ ಮನೆ ಬಿಡುವುದರಿಂದ. ಭಿಕ್ಷುವಾಗುವುದಕ್ಕೆ ಪಾಲಿಯಲ್ಲಿ 'ಪಬ್ಬಜ್ಜಾ' ಅಂತಾರೆ, ಅಂದರೆ ಮನೆ ಬಿಟ್ಟು ಹೊರಡುವುದು. ಮಳೆಗಾಲದ ಮೂರು ತಿಂಗಳು ಮಾತ್ರ ಒಂದು ಕಡೆ ನಿಲ್ಲಬೇಕು, ಉಳಿದಂತೆ ತಿರುಗಾಟ. ಆ ಮಳೆಗಾಲದ ತಂಗುದಾಣಗಳೇ ಕ್ರಮೇಣ ವಿಹಾರಗಳಾಗಿ ಬೆಳೆದವು. ಮುಂದೆ ನಳಂದದಂಥ ಮಹಾವಿಹಾರಗಳೂ ಬಂದವು. ಮನೆ ಬಿಟ್ಟವರಿಗೂ ಒಂದು ಮನೆ ಬೇಕಾಯಿತು.

8ನೇ ಶತಮಾನದಲ್ಲಿ ಟಿಬೆಟಿನ ದೊರೆ ತ್ರಿಸೋಂಗ್ ದೇಚೆನ್, ನಳಂದದ ಪಂಡಿತ ಶಾಂತರಕ್ಷಿತರನ್ನು ಕರೆಸಿಕೊಂಡ. ಅಲ್ಲಿನ ಮೊದಲ ವಿಹಾರ ಸಾಮ್ಯೆ ಎದ್ದಿತು. 1200ರ ಸುಮಾರಿಗೆ ನಳಂದ ದಾಳಿಗೆ ಸಿಕ್ಕಿ ಹಾಳಾಯಿತು. ಆದರೆ ಅಲ್ಲಿ ಕಲಿಸುತ್ತಿದ್ದ ತರ್ಕ ಮತ್ತು ತತ್ವಶಾಸ್ತ್ರ ಅಷ್ಟರಲ್ಲಿ ಟಿಬೆಟಿ ಭಾಷೆಗೆ ಹೋಗಿಯಾಗಿತ್ತು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್ ಸುಟ್ಟುಹೋದರೂ ಹಿಮಾಲಯದ ಆಚೆ ಬ್ಯಾಕಪ್ ಇತ್ತು. ಅದನ್ನು ಕಾಪಾಡಿದ್ದು ಲಾಸಾದ ಸುತ್ತಮುತ್ತಲಿನ ಮಠಗಳು: ಗಾಂಡೆನ್ (1409), ಡ್ರೆಪುಂಗ್ (1416), ಸೆರಾ (1419).

1959ರ ಮಾರ್ಚ್‌ನಲ್ಲಿ ಲಾಸಾದಲ್ಲಿ ಚೀನಾ ವಿರುದ್ಧ ದಂಗೆ ಎದ್ದಿತು. ದಲೈ ಲಾಮಾ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ. ಸುಮಾರು 1,500 ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಇಟ್ಟರು. ಅದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಜೈಲು. ಸೆಕೆಗೆ, ಕ್ಷಯರೋಗಕ್ಕೆ ಎಷ್ಟೋ ಜನ ಸತ್ತರು. ಆದರೂ ಅಲ್ಲೇ ಪಾಠ ನಡೆಯಿತು.

ಈ ಹೊತ್ತಿಗೆ ಮೈಸೂರು ರಾಜ್ಯ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತ್ತು. ನಿಜಲಿಂಗಪ್ಪನವರ ಉಪಕಾರವನ್ನು ದಲೈ ಲಾಮಾ ಮತ್ತೆ ಮತ್ತೆ ನೆನೆದಿದ್ದಾರೆ. ಕೊಟ್ಟಿದ್ದು ಕಾಡು. ಹಿಮದ ನಾಡಿನವರು ಬಿಸಿಲಲ್ಲಿ ಮರ ಕಡಿದು, ಆನೆ ಓಡಿಸಿ, ಮುಸುಕಿನ ಜೋಳ ಬೆಳೆದರು. 1970ರ ಹೊತ್ತಿಗೆ ಬಕ್ಸಾದಿಂದ ಸೆರಾದ ಸುಮಾರು 300 ಭಿಕ್ಷುಗಳೂ ಬಂದು ಡೇರೆ ಹಾಕಿದರು. ಗಾಂಡೆನ್, ಡ್ರೆಪುಂಗ್‌ನವರು ಮುಂಡಗೋಡಿಗೆ ಹೋದರು. ಮಠಗಳಿಗೆ ಹೊಸ ಹೆಸರು ಹುಡುಕಲಿಲ್ಲ. ಸೆರಾ ಅಂದರೆ ಅಲ್ಲಿ ನಡೆಯುವ ಓದು. ಓದು ಇಲ್ಲಿದೆ, ಹಾಗಾಗಿ ಸೆರಾ ಇಲ್ಲಿದೆ. ಇವತ್ತಿಗೂ ಅಂಗಳದಲ್ಲಿ ಚಪ್ಪಾಳೆ ತಟ್ಟಿ ವಾದ ಮಾಡೋ ಹುಡುಗರು ನಾಗಾರ್ಜುನನನ್ನು, ಧರ್ಮಕೀರ್ತಿಯನ್ನು ಓದುತ್ತಾರೆ. ಇಲ್ಲಿಂದ ಹೋದದ್ದು ಇಲ್ಲಿಗೇ ಬಂತು.

ಹಾಗಾದ್ರೆ ಇದು ಮನೆಗೆ ಮರಳಿದಂತೆಯೇ? ಅಷ್ಟು ಸುಲಭ ಇಲ್ಲ. ಬುದ್ಧ, ಧರ್ಮ, ಸಂಘಗಳಿಗೆ ಶರಣು ಹೋದವನೇ ಬೌದ್ಧ. ಶರಣ ಅಂದರೆ ಆಶ್ರಯ. ಆದರೆ ಬುದ್ಧನ ನಾಡಿಗೆ ಬಂದ ಮೇಲೆ ಇವರಿಗೆ ಸಿಕ್ಕ ಹೆಸರು 'ನಿರಾಶ್ರಿತ'. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತೀಯರೇ. ಆದರೂ ಪೌರತ್ವ ಪಡೆದರೆ ಟಿಬೆಟನ್ನು ಕೈಬಿಟ್ಟಂತೆ ಅಂತ ಹಿಂಜರಿಯುವವರಿದ್ದಾರೆ. ಅರವತ್ತು ವರ್ಷ ದಾಟಿದರೂ ಆ ಊರುಗಳಿಗೆ ನಾವೂ ಅವರೂ ಹೇಳೋದು 'ಕ್ಯಾಂಪ್' ಅಂತಲೇ. ಧರ್ಮವನ್ನು ಹೊತ್ತು ತರಬಹುದು, ತಂದರು ಕೂಡ. ಅಜ್ಜಿಯ ಊರನ್ನು ಹೊತ್ತು ತರೋಕಾಗಲ್ಲ.

ಬೈಲುಕುಪ್ಪೆಯಲ್ಲಿ ಇಳಿಯುವಾಗ ಅವರೂ ಕೇಳಿದರು: "ನಿಮ್ಮೂರು ಯಾವುದು ಸಾರ್?"

ಹತ್ತು ವರ್ಷದಿಂದ ಬೆಂಗಳೂರಲ್ಲಿರೋ ನಾನು, ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಯ ಹೆಸರು ಹೇಳಿದೆ. ಅಲ್ಲಿನ ಮನೆಗೆ ಬೀಗ ಹಾಕಿ ಮೂರು ವರ್ಷ ಆಯ್ತು ಅಂತ ಹೇಳಲಿಲ್ಲ.