ಲಿವರ್ ಯಾರ ಕೈಯಲ್ಲಿ? ಕೋಟೆ ಆಟಗಳ ಸೇತುವೆಗಳು ಸಾಗಿಬಂದ ದಾರಿ

ಕೋಟೆ ಕಟ್ಟುವ ವಿಡಿಯೋ ಗೇಮ್‌ಗಳ ಬಗ್ಗೆ ಮಾತು ಬಂದಾಗ ಬುರುಜು, ಗೋಡೆ, ಮುತ್ತಿಗೆಗಳದೇ ದೊಡ್ಡ ಸುದ್ದಿ. ಸೇತುವೆಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಈ ಆಟಗಳು ಮೂವತ್ತು ವರ್ಷಗಳಿಂದ ಎಲ್ಲಿಂದ ಎಲ್ಲಿಗೆ ಬಂದಿವೆ ಎಂದು ತಿಳಿಯಬೇಕಾದರೆ ಸೇತುವೆಯನ್ನೇ ಹಿಡಿದು ಹೋಗುವುದು ಒಳ್ಳೆಯದು. ಮೊದಲು ಇವು ಕಂಬ, ತೊಲೆಗಳ ಬಲವನ್ನು ಪರೀಕ್ಷಿಸುತ್ತಿದ್ದವು. ಆಮೇಲೆ, ಬಹುಶಃ ಯಾರೂ ಹಾಗೆಂದು ಯೋಜಿಸದೆಯೇ, ಕಟ್ಟುವ ಜನರ ನಡುವಿನ ಹೊಂದಾಣಿಕೆಯನ್ನು ಪರೀಕ್ಷಿಸತೊಡಗಿದವು. ಈ ಎರಡನೆಯ ಪರೀಕ್ಷೆಯೇ ಹೆಚ್ಚು ಕಷ್ಟದ್ದು ಎಂಬುದು ನನ್ನ ಅಭಿಪ್ರಾಯ.

1991ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಡಿಎಂಎ ಡಿಸೈನ್ ಸಂಸ್ಥೆ ‘ಲೆಮ್ಮಿಂಗ್ಸ್’ ಆಟವನ್ನು ಹೊರತಂದಿತು. ಗುಂಪಾಗಿ ಸಾಗುವ ಪುಟ್ಟ ಜೀವಿಗಳಲ್ಲಿ ಒಂದಕ್ಕೆ ಕಟ್ಟುವ ಕೆಲಸ ವಹಿಸಿದರೆ ಅದು ಹನ್ನೆರಡು ಮೆಟ್ಟಿಲು ಇಟ್ಟು, ಇಟ್ಟಿಗೆ ಮುಗಿಯಿತೆಂದು ಭುಜ ಕುಣಿಸಿ, ಮುಂದೆ ನಡೆದು ಕಂದರಕ್ಕೆ ಬೀಳುತ್ತಿತ್ತು. ಅದು ಬೀಳುವ ಮೊದಲೇ ಆಟಗಾರ ಮತ್ತೆ ಆಜ್ಞೆ ಕೊಡಬೇಕು. ಇಲ್ಲಿ ಭಾರದ ಲೆಕ್ಕವಿಲ್ಲ, ಇರುವುದು ಹೊತ್ತಿನ ಲೆಕ್ಕ ಮಾತ್ರ.

ಭಾರದ ಲೆಕ್ಕ ಬಂದದ್ದು 2000ದಲ್ಲಿ, ಅಲೆಕ್ಸ್ ಆಸ್ಟಿನ್ ರಚಿಸಿದ ‘ಬ್ರಿಡ್ಜ್ ಬಿಲ್ಡರ್’ ಮೂಲಕ. ತೆಳುವಾದ ಗೆರೆಗಳಲ್ಲಿ ತ್ರಿಕೋನಗಳನ್ನು ಹೆಣೆದು ಹಳ್ಳ ದಾಟಿಸಿ, ಅದರ ಮೇಲೆ ರೈಲು ಓಡಿಸಿ ನೋಡುವ ಆಟ ಅದು. ಮರುವರ್ಷವೇ ಬಂದ ‘ಪಾಂಟಿಫೆಕ್ಸ್’ ಅದನ್ನು ಮೂರು ಆಯಾಮಕ್ಕೆ ಒಯ್ದಿತು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಪ್ರಾಧ್ಯಾಪಕ ಸ್ಟೀಫನ್ ರೆಸ್ಲರ್ ಸಿದ್ಧಪಡಿಸಿದ ಸೇತುವೆ ವಿನ್ಯಾಸದ ತಂತ್ರಾಂಶವನ್ನು ಬಳಸಿ 2002ರಿಂದ ಶಾಲಾ ಮಕ್ಕಳಿಗೆ ಸ್ಪರ್ಧೆ ನಡೆಯಿತು. ಒಬ್ಬರೋ ಇಬ್ಬರೋ ಇರುವ ತಂಡ, ಭಾರ ಹೊರುವ ಸೇತುವೆಗಳ ಪೈಕಿ ಅತಿ ಕಡಿಮೆ ಖರ್ಚಿನದಕ್ಕೆ ಗೆಲುವು. 2016ರಲ್ಲಿ ಪೂರ್ಣರೂಪದಲ್ಲಿ ಬಂದ ‘ಪಾಲಿ ಬ್ರಿಡ್ಜ್’ ಕೂಡ ಇದೇ ವಂಶದ್ದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿ ಐಸ್‌ಕ್ರೀಮ್ ಕಡ್ಡಿಗಳನ್ನು ಅಂಟಿಸಿ, ಮಧ್ಯಕ್ಕೆ ತೂಕ ನೇತುಹಾಕಿ ಮುರಿಯುವ ತನಕ ನೋಡುವ ಸ್ಪರ್ಧೆಯ ಮನೋಧರ್ಮವೇ ಇವುಗಳಲ್ಲೂ ಇದೆ. ಅದು ಒಳ್ಳೆಯ ಮನೋಧರ್ಮ. ಎಳೆತವೆಂದರೇನು, ಒತ್ತಡವೆಂದರೇನು ಎಂಬುದು ಪುಸ್ತಕಕ್ಕಿಂತ ಬೇಗ ಇಲ್ಲಿ ತಲೆಗೆ ಹತ್ತುತ್ತದೆ. ಆದರೆ ಸೇತುವೆ ಕಟ್ಟಿದ ಮೇಲೆ ಅಲ್ಲಿ ವಾಸಿಸುವವರು ಯಾರೂ ಇಲ್ಲ. ರೈಲು ದಾಟಿತು, ಹಂತ ಮುಗಿಯಿತು.

ವಾಸಿಸುವವರು ಬಂದದ್ದು ‘ಡ್ವಾರ್ಫ್ ಫೋರ್ಟ್ರೆಸ್’ನಲ್ಲಿ. ಟಾರ್ನ್ ಆಡಮ್ಸ್ ಮತ್ತು ಜ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2002ರಲ್ಲಿ ಕೈಹಚ್ಚಿದ ಈ ಆಟದ ಮೊದಲ ಆವೃತ್ತಿ ಹೊರಬಿದ್ದದ್ದು 2006ರ ಆಗಸ್ಟ್ 8ರಂದು. ಏಳು ಮಂದಿ ಕುಬ್ಜರು ಒಂದು ಬಂಡಿಯೊಡನೆ ಬೆಟ್ಟದ ಬುಡಕ್ಕೆ ಬಂದು ಇಳಿಯುತ್ತಾರೆ. ಅವರಿಗೆ ಗುಹೆ ತೋಡಿ, ಕೋಟೆ ಕಟ್ಟಿ, ಹೊಟ್ಟೆಗೆ ದಾರಿ ಮಾಡಿ ಬದುಕಿಸುವುದು ಆಟಗಾರನ ಕೆಲಸ. ಚಿತ್ರಗಳ ಜಾಗದಲ್ಲಿ ಬರೀ ಅಕ್ಷರ, ಚಿಹ್ನೆಗಳು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಮೊದಲ ಬಾರಿಗೆ ವಿಡಿಯೋ ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಆರಿಸಿದ ಹದಿನಾಲ್ಕರಲ್ಲಿ ಇದೂ ಒಂದು.

ಆರಂಭದ ಆ ಆವೃತ್ತಿಯಲ್ಲಿ ಬೆಟ್ಟದೊಳಕ್ಕೆ ತೋಡುತ್ತ ಹೋದರೆ ಮೊದಲು ನೆಲದಡಿಯ ನದಿ, ಅದರಾಚೆ ತಳವಿಲ್ಲದ ಕಂದರ, ಅದಕ್ಕೂ ಆಚೆ ಕುದಿಯುವ ಶಿಲಾರಸದ ಹೊಳೆ ಅಡ್ಡ ಬರುತ್ತಿದ್ದವು. ಒಳ್ಳೆಯ ಲೋಹವೆಲ್ಲ ದೂರದಲ್ಲಿ. ಹೀಗಾಗಿ ಸೇತುವೆಯಿಲ್ಲದೆ ಕೋಟೆ ಬೆಳೆಯುವಂತಿರಲಿಲ್ಲ. ಸೇತುವೆಯ ನಿಯಮಗಳೂ ವಿಚಿತ್ರ, ಆದರೆ ಗಟ್ಟಿ. ಹಳೆಯ ಆವೃತ್ತಿಗಳಲ್ಲಿ ಒಂದು ಸೇತುವೆ ಉದ್ದಕ್ಕಾಗಲಿ ಅಗಲಕ್ಕಾಗಲಿ ಹತ್ತು ಚೌಕ ಮೀರುವಂತಿಲ್ಲ. ಅದರ ಮೇಲೆ ಬೇರೆ ಕಟ್ಟಡವನ್ನು ನಿಲ್ಲಿಸಲಾಗದು. ಹಾಗಾಗಿ ಅಗಲವಾದ ಹಳ್ಳಕ್ಕೆ ನಡುವೆ ಕಂಬ ಎಬ್ಬಿಸಬೇಕು, ಇಲ್ಲವೇ ಕಲ್ಲಿನ ನೆಲವನ್ನು ದಡದಿಂದ ಚಾಚುತ್ತ ಹೋಗಬೇಕು. ಎತ್ತುಸೇತುವೆ ಬೇಕಿದ್ದರೆ ಒಂದು ಲಿವರ್ ನೆಟ್ಟು, ಲಿವರಿನ ತುದಿಗೊಂದು ಸೇತುವೆಯ ತುದಿಗೊಂದು ಯಂತ್ರಭಾಗ ಜೋಡಿಸಬೇಕು. ಲಿವರ್ ಎಳೆದ ಕೂಡಲೇ ಸೇತುವೆ ಏಳುವುದಿಲ್ಲ, ಸ್ವಲ್ಪ ತಡ. ಬಾಗಿಲಿಗೆ ವೈರಿ ಬಂದಾಗ ಆ ತಡವೇ ಪ್ರಾಣ ಹಿಂಡುತ್ತದೆ. ಎದ್ದು ನಿಂತ ಸೇತುವೆ ಗೋಡೆಯಾಗುತ್ತದೆ. ಇಳಿಯುವ ಸೇತುವೆಯ ಕೆಳಗೆ ಸಿಕ್ಕಿದ್ದು ಸರಕಾಗಿರಲಿ, ಜೀವವಾಗಿರಲಿ, ಹೆಸರಿಲ್ಲದಂತೆ ಅಳಿಸಿಹೋಗುತ್ತದೆ. ಶಿಲಾರಸ ತಾಗುವಲ್ಲಿ ಕಟ್ಟುವುದಾದರೆ ಸೇತುವೆಯ ಕಲ್ಲಷ್ಟೇ ಅಲ್ಲ, ಅದರ ಯಂತ್ರಭಾಗವೂ ಆ ಕಾವು ತಡೆಯುವ ಕಲ್ಲಿನದೇ ಆಗಿರಬೇಕು. ಇದನ್ನು ಮರೆತ ಕೋಟೆಗಳಿಗೆ ಲೆಕ್ಕವಿಲ್ಲ.

ಇಷ್ಟೆಲ್ಲ ಸೂಕ್ಷ್ಮವಾಗಿರುವ ಆಟ ಭಾರದ ಲೆಕ್ಕವನ್ನು ಮಾತ್ರ ಬಿಟ್ಟುಬಿಟ್ಟಿದೆ. 2007ರಲ್ಲಿ ಮೇಲೆ-ಕೆಳಗೆ ಎಂಬ ಮೂರನೆಯ ಆಯಾಮ ಬಂದ ಮೇಲೂ, ಒಂದೇ ಒಂದು ಚೌಕದ ಆಸರೆ ಇದ್ದರೆ ಇಡೀ ಅರಮನೆ ಗಾಳಿಯಲ್ಲಿ ನಿಲ್ಲುತ್ತದೆ. ಆ ಆಸರೆ ಹೋದರೆ ಎಲ್ಲವೂ ಕುಸಿಯುತ್ತದೆ. ಬ್ರಿಡ್ಜ್ ಬಿಲ್ಡರ್ ಬಂದ ದಿಕ್ಕಿಗೆ ಇದು ನೇರ ವಿರುದ್ಧ. ಅಲ್ಲಿ ವಸ್ತುವಿನ ಪರೀಕ್ಷೆ, ಇಲ್ಲಿ ವ್ಯವಸ್ಥೆಯ ಪರೀಕ್ಷೆ.

ನಮ್ಮ ಕೋಟೆಗಳನ್ನು ಕಂಡವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ತುಮಕೂರು ಜಿಲ್ಲೆಯ ಮಧುಗಿರಿ, ಮಿಡಿಗೇಶಿ, ಪಾವಗಡಗಳಲ್ಲಿ ಬೆಟ್ಟವೇ ಕೋಟೆ. ಅಲ್ಲಿ ಸೇತುವೆಗಿಂತ ಮೆಟ್ಟಿಲಿಗೆ ಮಹತ್ವ. ಶ್ರೀರಂಗಪಟ್ಟಣದಂಥ ದ್ವೀಪದ ಕೋಟೆಗೆ ನೀರೇ ಕಾವಲು, ದಾಟುವುದೇ ಸಮಸ್ಯೆ. 1799ರಲ್ಲಿ ಆ ಕೋಟೆ ಬಿದ್ದ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ವೆಲ್ಲೆಸ್ಲಿ ಸೇತುವೆ ಕಟ್ಟಿದರು. ಕಲ್ಲಿನ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ಕಲ್ಲು ಒತ್ತಡ ತಾಳುತ್ತದೆ, ಎಳೆತ ತಾಳುವುದಿಲ್ಲ. ಆದ್ದರಿಂದ ಕಂಬದಿಂದ ಕಂಬಕ್ಕೆ ಅಂತರ ಕಿರಿದಾಗಿರಲೇಬೇಕು. ಡ್ವಾರ್ಫ್ ಫೋರ್ಟ್ರೆಸ್ ಆಡುವವರು ಹತ್ತು ಚೌಕದ ಮಿತಿಯಿಂದ ಕಂಬಗಳ ಸಾಲಿಗೆ ಬಂದು ತಲುಪಿದ್ದಾರೆ, ನಮ್ಮ ಕಲ್ಲುಕುಟಿಗರು ಕಲ್ಲಿನ ಗುಣದಿಂದ ಅಲ್ಲಿಗೇ ಬಂದಿದ್ದರು. ಹಂಪಿಯ ಬಳಿ ತುಂಗಭದ್ರೆಯಲ್ಲಿ ವಿಜಯನಗರ ಕಾಲದ ಸೇತುವೆಯ ಕಂಬಗಳು ಇಂದಿಗೂ ನಿಂತಿವೆ, ಮೇಲಿನ ಹಾಸು ಮಾತ್ರ ಇಲ್ಲ. ಕಟ್ಟಿದ ಕೈಗಳು ಎಷ್ಟು ಗಟ್ಟಿ ಎಂಬುದಕ್ಕೆ ಆ ಕಂಬಗಳು ಸಾಕ್ಷಿ. ನೋಡಿಕೊಳ್ಳುವ ಕೈಗಳು ಯಾವಾಗ ಇಲ್ಲವಾದವು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಈ ಆಟಗಳ ಮುಂದಿನ ಘಟ್ಟ ಆ ಪ್ರಶ್ನೆಯದೇ.

ಡ್ವಾರ್ಫ್ ಫೋರ್ಟ್ರೆಸ್ ಒಬ್ಬರೇ ಆಡುವ ಆಟ. ಜೊತೆಯಾಗಿ ಆಡಲು ಜನ ತಾವೇ ಒಂದು ಪದ್ಧತಿ ಹುಟ್ಟಿಸಿಕೊಂಡರು: ಸರದಿ. ಒಬ್ಬ ಆಟದೊಳಗಿನ ಒಂದು ವರ್ಷ ಆಳುತ್ತಾನೆ, ಆಟದ ಕಡತವನ್ನು ಮುಂದಿನವನಿಗೆ ಕೊಡುತ್ತಾನೆ, ಜೊತೆಗೆ ತನ್ನ ವರ್ಷದ ವೃತ್ತಾಂತ ಬರೆದಿಡುತ್ತಾನೆ. 2006-07ರ ‘ಬೋಟ್‌ಮರ್ಡರ್ಡ್’ ಎಂಬ ಕೋಟೆ ಈ ಪದ್ಧತಿಯ ಅತ್ಯಂತ ಹೆಸರಾದ ಉದಾಹರಣೆ. ಆನೆಗಳ ಹಿಂಡು ಮತ್ತೆ ಮತ್ತೆ ನುಗ್ಗಿ ಕುಬ್ಜರನ್ನು ತುಳಿಯುತ್ತಿತ್ತು. ತಡೆಯಲು ಹೊರಬಯಲಿಗೆ ಶಿಲಾರಸ ಹರಿಸುವ ಏರ್ಪಾಡು ಮಾಡಿದರು. ಅದನ್ನು ಒಂದು ಲಿವರಿಗೆ ಕಟ್ಟಿದರು. ಅಧಿಕಾರ ಕೈ ಬದಲಾಗುತ್ತ ಹೋದಂತೆ ಕೋಟೆ ಹದಗೆಟ್ಟು, ಕೊನೆಗೆ ಸರ್ವನಾಶವಾಯಿತು.

ಸರದಿಯ ಕೋಟೆಗಳ ನಿಜವಾದ ಸವಾಲು ಇಲ್ಲಿದೆ. ಹೊಸ ಆಡಳಿತಗಾರ ಬಂದು ನೋಡಿದರೆ ಕೋಣೆಯೊಂದರಲ್ಲಿ ಸಾಲು ಸಾಲು ಲಿವರ್‌ಗಳು. ಒಂದು ಹೆಬ್ಬಾಗಿಲಿನ ಸೇತುವೆಯದು, ಒಂದು ಕೊಳದ ತೂಬಿನದು, ಇನ್ನೊಂದು ಯಾವುದರದೋ. ಎಳೆದು ನೋಡೋಣವೆಂದರೆ ಆ ಹೊತ್ತಿಗೆ ಸೇತುವೆಯ ಮೇಲೆ ವ್ಯಾಪಾರಿಗಳ ಬಂಡಿ ಇರಬಹುದು. ಈ ಸೇತುವೆಗಳು ಸವೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಸವೆಯುವುದು ಅವುಗಳ ಬಗೆಗಿನ ತಿಳಿವಳಿಕೆ. ಆಟದ ಹಳೆಯ ಆವೃತ್ತಿಗಳಲ್ಲಿ ನೆಲದ ಮೇಲೆ ಟಿಪ್ಪಣಿ ನೆಡುವ ಸೌಲಭ್ಯ ಇತ್ತು. ಅದನ್ನು ಬಳಸುವ ತಾಳ್ಮೆ ಇದ್ದವರ ಕೋಟೆ ಉಳಿಯುತ್ತಿತ್ತು. ನಮ್ಮ ಕೆರೆಗಳ ತೂಬನ್ನು ಯಾವಾಗ ಎಷ್ಟು ಎತ್ತಬೇಕೆಂದು ನೀರುಗಂಟಿ ಬಲ್ಲ. ಅವನ ನಂತರ ಆ ಲೆಕ್ಕ ಯಾರಿಗೂ ದಾಟದಿದ್ದರೆ ಕಲ್ಲಿನ ತೂಬು ಗಟ್ಟಿಯಾಗಿದ್ದೂ ಉಪಯೋಗವಿಲ್ಲ. ಸರದಿ ಕೋಟೆಯಲ್ಲಿ ನಡೆಯುವುದು ಇದೇ.

2009ರ ಮೇ ತಿಂಗಳಲ್ಲಿ ಕಾಣಿಸಿಕೊಂಡು 2011ರಲ್ಲಿ ಪೂರ್ಣಗೊಂಡ ‘ಮೈನ್‌ಕ್ರಾಫ್ಟ್’ ಈ ಲೋಕವನ್ನು ಕೋಟ್ಯಂತರ ಮಕ್ಕಳ ಕೈಗೆ ಕೊಟ್ಟಿತು. ಅದರ ಕರ್ತೃ ಮಾರ್ಕಸ್ ಪರ್ಸನ್ ಡ್ವಾರ್ಫ್ ಫೋರ್ಟ್ರೆಸ್‌ನ ಪ್ರಭಾವವನ್ನು ಒಪ್ಪಿಕೊಂಡವರೇ. ಸೇತುವೆಯ ಮಟ್ಟಿಗೆ ಮಾತ್ರ ಇದು ಸುಲಭವಾಯಿತು. ಮರಳು, ಜಲ್ಲಿಯಂಥ ಕೆಲವನ್ನು ಬಿಟ್ಟರೆ ಉಳಿದ ಇಟ್ಟಿಗೆಗಳೆಲ್ಲ ಗಾಳಿಯಲ್ಲೇ ನಿಲ್ಲುತ್ತವೆ. ಬಗ್ಗಿ ನಡೆದರೆ ಅಂಚಿನಿಂದ ಬೀಳುವುದಿಲ್ಲ, ಹಿಂದೆ ಸರಿಯುತ್ತ ಒಂದೊಂದೇ ಇಟ್ಟಿಗೆ ಇಟ್ಟರೆ ಸೇತುವೆ ಸಿದ್ಧ. ವೇಗವೇ ಕೌಶಲವಾಯಿತು. ಒಟ್ಟಾಗಿ ಒಂದೇ ಹೊತ್ತಿಗೆ ಕಟ್ಟುವುದು ಇಲ್ಲಿ ಸಾಧ್ಯವಾಯಿತೆಂಬುದು ದೊಡ್ಡ ಮಾತು. ವಿಶ್ವಸಂಸ್ಥೆಯ ಜನವಸತಿ ವಿಭಾಗ 2012ರಿಂದ ಈ ಆಟವನ್ನೇ ಬಳಸಿ ಊರಿನ ಸಾರ್ವಜನಿಕ ಜಾಗಗಳನ್ನು ಅಲ್ಲಿನ ನಿವಾಸಿಗಳಿಂದಲೇ ವಿನ್ಯಾಸ ಮಾಡಿಸುವ ಯೋಜನೆ ನಡೆಸಿದೆ. ಆಟದ ಜಾವಾ ಆವೃತ್ತಿಯ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ. ಅದು ಸ್ವಯಂಸೇವಕರು ಕೈಜೋಡಿಸಿ ಮಾಡಿದ ಅನುವಾದ.

ಆನಂತರ ಬಂದ ಎರಡು ಆಟಗಳು ನನಗೆ ಹೆಚ್ಚು ಮುಖ್ಯ ಅನಿಸುತ್ತವೆ. 2021ರ ಫೆಬ್ರವರಿಯಲ್ಲಿ ಸ್ವೀಡನ್ನಿನಿಂದ ಬಂದ ‘ವ್ಯಾಲ್‌ಹೈಮ್’ನಲ್ಲಿ ಹತ್ತು ಜನ ಕೂಡಿ ಆಡಬಹುದು. ನೆಲಕ್ಕೆ ತಾಗಿದ ತೊಲೆ ನೀಲಿ, ಆಸರೆಯಿಂದ ದೂರವಾದಂತೆ ಹಸಿರು, ಹಳದಿ, ಕೊನೆಗೆ ಕೆಂಪು. ಕೆಂಪಿನಾಚೆ ಇಟ್ಟದ್ದು ಮುರಿದು ಬೀಳುತ್ತದೆ. ಬ್ರಿಡ್ಜ್ ಬಿಲ್ಡರ್‌ನ ಭಾರದ ಲೆಕ್ಕವೂ ಕೋಟೆ ಆಟದ ಬದುಕೂ ಇಲ್ಲಿ ಕಡೆಗೂ ಒಂದಾದವು. ಮೇಲೆ ಸೂರಿಲ್ಲದ ಮರ ಮಳೆಗೆ ಸೊರಗುತ್ತದೆ, ಸುತ್ತಿಗೆ ಹಿಡಿದು ಯಾರಾದರೂ ಸರಿಮಾಡುತ್ತಿರಬೇಕು. ಅದಕ್ಕೂ ಮೊದಲು, 2019ರ ನವೆಂಬರಿನಲ್ಲಿ, ಜಪಾನಿನ ಹಿದೆಯೊ ಕೊಜಿಮಾ ಅವರ ‘ಡೆತ್ ಸ್ಟ್ರ್ಯಾಂಡಿಂಗ್’ ಬಂದಿತ್ತು. ಅದು ಕೋಟೆಯ ಆಟವಲ್ಲ, ಆದರೂ ಈ ಸಮೀಕ್ಷೆಯಿಂದ ಬಿಡಲಾಗದು. ನೀವು ಕಟ್ಟಿದ ಸೇತುವೆ, ನಿಮ್ಮ ಮುಖವನ್ನೇ ನೋಡದ ಇನ್ನೊಬ್ಬರ ಆಟದಲ್ಲಿ ಎದುರಾಗುತ್ತದೆ. ಅವರು ಅದನ್ನು ದಾಟುತ್ತಾರೆ, ಮೆಚ್ಚುಗೆ ಒತ್ತುತ್ತಾರೆ, ಸಾಮಗ್ರಿ ಸುರಿದು ದೊಡ್ಡದು ಮಾಡುತ್ತಾರೆ. ಅಲ್ಲಿನ ಮಳೆಗೆ ಅದು ಶಿಥಿಲವಾದಾಗ ರಿಪೇರಿ ಮಾಡುವವರೂ ಅಂಥವರೇ.

ಕರ್ನಾಟಕದಲ್ಲಿ ಇದಕ್ಕೆ ತೀರ ಹತ್ತಿರದ ನಿಜವಾದ ಉದಾಹರಣೆ ಸುಳ್ಯ ತಾಲ್ಲೂಕಿನ ಅರಂಬೂರಿನದು. ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಪಯಸ್ವಿನಿ ನದಿಗೆ ಅಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಊರವರು ಕೇಳಿದರು, ಊರವರೇ ದುಡಿದರು. ಮುಂದೆ ಕರ್ನಾಟಕ, ಕೇರಳ, ತೆಲುಗು ನಾಡು, ಒಡಿಶಾಗಳಲ್ಲಿ ನೂರಕ್ಕೂ ಹೆಚ್ಚು ಇಂಥ ಕಾಲುಸೇತುವೆಗಳನ್ನು ಅವರು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಅದಕ್ಕೂ ಎಷ್ಟೋ ಹಿಂದಿನಿಂದ ಮಲೆನಾಡಿನಲ್ಲಿ ಅಡಿಕೆ ಮರದ ಕಾಲುಸಂಕಗಳಿವೆ. ಮಳೆಗಾಲಕ್ಕೆ ಮುಂಚೆ ನೆರೆಮನೆಯವರು ಸೇರಿ ಹಾಕುತ್ತಾರೆ, ಹೊಳೆ ಒಯ್ದರೆ ಮತ್ತೆ ಹಾಕುತ್ತಾರೆ. ದಾಟುವವರೇ ಕಟ್ಟುವವರು, ಅವರೇ ಕಾಯುವವರು. ಆಟಗಳು 1991ರಿಂದ ನಡೆದು 2019ರಲ್ಲಿ ಮುಟ್ಟಿದ ಜಾಗದಲ್ಲಿ ಕಾಲುಸಂಕ ಮೊದಲೇ ಇತ್ತು.

2022ರ ಡಿಸೆಂಬರ್ 6ರಂದು ಡ್ವಾರ್ಫ್ ಫೋರ್ಟ್ರೆಸ್ ಚಿತ್ರಗಳ ಸಮೇತ ಹೊಸ ರೂಪದಲ್ಲಿ ಮಾರಾಟಕ್ಕೆ ಬಂತು. ಅಕ್ಷರರೂಪದ ಆವೃತ್ತಿ ಈಗಲೂ ಉಚಿತ. ಚಿಕ್ಕ ಪ್ರಪಂಚ ಸೃಷ್ಟಿಸಿಕೊಂಡರೆ ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಹಾಗಾಗಿ ನಾನಿರುವ ತುಮಕೂರು ಕಡೆಯ ಹುಡುಗ ಹುಡುಗಿಯರಿಗೆ ಒಂದು ಸ್ಪರ್ಧೆ ಏರ್ಪಡಿಸುವುದಾದರೆ ಹೇಗಿರಬೇಕೆಂದು ಯೋಚಿಸಿದ್ದೇನೆ. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಗುಬ್ಬಿಯ ಕಡಬ ಕೆರೆ ತುಂಬಿಸಿ, ಕುಣಿಗಲ್ಲಿನ ಮಾರ್ಕೋನಹಳ್ಳಿಗೆ ಹೋಗುತ್ತದೆ. ಈ ನದಿಯ ಹಾದಿಯ ತುಮಕೂರು, ಗುಬ್ಬಿ, ಕುಣಿಗಲ್ ಎಂಬ ಮೂರು ಸೀಮೆಗೆ ಮೂರು ತಂಡ, ಕೋಟೆ ಒಂದೇ. ಮೊದಲ ವರ್ಷ ತುಮಕೂರಿನವರು ನದಿಗೆ ಎತ್ತುಸೇತುವೆ ಹಾಕಿ, ಕನ್ನಡದಲ್ಲಿ ಒಂದೇ ಪುಟದ ವಿವರ ಬರೆದು, ಪೆನ್‌ಡ್ರೈವ್ ಸಮೇತ ಗುಬ್ಬಿಯವರಿಗೆ ಕೊಡಬೇಕು. ಫೋನಿನಲ್ಲಿ ಕೇಳುವಂತಿಲ್ಲ. ಗುಬ್ಬಿಯವರು ಅದನ್ನು ಹಿಗ್ಗಿಸಿ ಕುಣಿಗಲ್ಲಿನವರಿಗೆ ದಾಟಿಸಬೇಕು. ಅಂಕ ಸೇತುವೆಯ ಉದ್ದಕ್ಕಲ್ಲ, ಅಂದಕ್ಕೂ ಅಲ್ಲ. ಮೂರನೆಯ ತಂಡ ಕಡತ ತೆರೆದ ಮೇಲೆ, ಮೊದಲ ಮುತ್ತಿಗೆ ಬರುವ ಹೊತ್ತಿಗೆ, ಸರಿಯಾದ ಲಿವರನ್ನು ಮೊದಲ ಸಲಕ್ಕೇ ಎಳೆದರೆ ಮೂರೂ ತಂಡಗಳಿಗೆ ಪೂರ್ತಿ ಅಂಕ. ತಪ್ಪು ಲಿವರ್ ಎಳೆದರೆ ಅಂಕ ಕಳೆಯುವುದು ಹಿಂದಿನ ಎರಡು ತಂಡಗಳದ್ದು.