ಆಲ್ಬರ್ಟನ ಹೆಬ್ಬೆರಳು: ವರ್ತನಾವಾದದ ಒಂದು ಸಾಕ್ಷ್ಯದ ಮರುವಿಚಾರಣೆ

ನಮ್ಮ ಬಿ.ಎಡ್. ಕೈಪಿಡಿಗಳಲ್ಲಿ ಮನೋವಿಜ್ಞಾನದ ಪಂಥಗಳ ಅಧ್ಯಾಯ ಬಂತೆಂದರೆ ವರ್ತನಾವಾದದ ಜತೆಗೆ ಪುಟ್ಟ ಆಲ್ಬರ್ಟ್ ಬಂದೇ ಬರುತ್ತಾನೆ. ಬಿಳಿ ಇಲಿ ತೋರಿಸಿ ಹಿಂದಿನಿಂದ ಸದ್ದು ಮಾಡಿದರು, ಮಗು ಹೆದರಿತು, ಆಮೇಲೆ ಬೆಳ್ಳಗೆ ತುಪ್ಪಳವಿರುವ ಏನನ್ನು ಕಂಡರೂ ಹೆದರಿತು; ಮೂರು ಸಾಲಿನಲ್ಲಿ ಕಥೆ ಮುಗಿಯುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ ಆ ಭಯವನ್ನು ವಾಟ್ಸನ್ನರೇ ವಾಸಿ ಮಾಡಿದರೆಂದು ಬರೆದುಬಿಡುತ್ತಾರೆ. ಇದು ಕನ್ನಡದವರ ಕೈಚಳಕವಲ್ಲ. ಇಂಗ್ಲಿಷ್ ಪಠ್ಯಗಳಲ್ಲಿದ್ದ ತಪ್ಪನ್ನೇ ನಾವು ಇಳಿಸಿಕೊಂಡಿದ್ದೇವೆ. ಬೆನ್ ಹ್ಯಾರಿಸ್ 1979ರಲ್ಲೇ ಈ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ್ದರು. ಕೈಪಿಡಿ ಬರೆಯುವವರು ಅತ್ತ ತಿರುಗಿಯೂ ನೋಡಿಲ್ಲ.

ನನ್ನ ತಕರಾರು ಕೈಪಿಡಿಗಳಿಗಿಂತ ಮೂಲ ಲೇಖನದ ಮೇಲಿದೆ. ಜಾನ್ ಬಿ. ವಾಟ್ಸನ್ ಮತ್ತು ರೊಸಾಲಿ ರೇನರ್ 1920ರಲ್ಲಿ ಪ್ರಕಟಿಸಿದ ಆ 14 ಪುಟಗಳ ಒಳಗೇ ದಿನಾಂಕವಾರು ಟಿಪ್ಪಣಿಗಳಿವೆ. ಆ ಟಿಪ್ಪಣಿಗಳು ಲೇಖನದ ತೀರ್ಮಾನದ ಭಾರವನ್ನು ಹೊರಲಾರವು.

ಮೊದಲು ಪ್ರಯೋಗದ ಕ್ರಮ ನೋಡೋಣ. ಮಗುವಿಗೆ 11 ತಿಂಗಳು 3 ದಿನವಾಗಿದ್ದಾಗ ಇಲಿ ಮತ್ತು ಸದ್ದನ್ನು ಎರಡು ಸಲ ಜೋಡಿಸಿದರು. ಸದ್ದೆಂದರೆ ತಲೆಯ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದದ್ದು. ಮೊದಲ ಪೆಟ್ಟಿಗೆ ಮಗು ಬೆಚ್ಚಿ ಮುಂದಕ್ಕೆ ಬಿದ್ದು ಹಾಸಿಗೆಯಲ್ಲಿ ಮುಖ ಹುದುಗಿಸಿತು, ಆದರೆ ಅಳಲಿಲ್ಲ. ವಾರದ ನಂತರ ಇನ್ನೈದು ಸಲ ಜೋಡಿಸಿದರು. ಕೊನೆಗೆ ಸದ್ದಿಲ್ಲದೆ ಇಲಿಯನ್ನಷ್ಟೇ ಮುಂದಿಟ್ಟಾಗ ಮಗು ಅಂಬೆಗಾಲಿಕ್ಕಿ ಎಷ್ಟು ವೇಗವಾಗಿ ದೂರ ಸರಿಯಿತೆಂದರೆ ಮೇಜಿನ ಅಂಚಿನಲ್ಲಿ ಹಿಡಿಯುವುದೇ ಕಷ್ಟವಾಯಿತು. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಭಯ ಒಂದರಿಂದ ಇನ್ನೊಂದಕ್ಕೆ ಹರಡಿತೆಂಬ ಮಾತಿನಲ್ಲಿ. 11 ತಿಂಗಳು 15ನೇ ದಿನ ಮೊಲ ತೋರಿಸಿದಾಗ ಮಗು ಜೋರಾಗಿ ಅತ್ತಿತು. ಇದು ವಾಟ್ಸನ್ನರ ಪರವಾದ ಗಟ್ಟಿ ಸಾಕ್ಷ್ಯವೆಂದು ಒಪ್ಪುತ್ತೇನೆ. ಆದರೆ ಅದೇ ದಿನ ಇಲಿಯನ್ನು ಕಂಡಾಗ ಮಗು ಮೊದಲ ಸಲ ಬರೀ ಮುಲುಗಿ ಕೈ ಹಿಂದೆಳೆದುಕೊಂಡಿತ್ತು, ಎರಡನೇ ಸಲ ಅಂಬೆಗಾಲಿಕ್ಕಿ ದೂರ ಓಡಿತ್ತು; ಜೋರಾಗಿ ಅತ್ತಿರಲಿಲ್ಲ. ಭಯ ಇಲಿಯಿಂದ ಮೊಲಕ್ಕೆ ಹರಡಿದ್ದಾದರೆ, ಇಲಿಯ ಮುಂದೆ ಬಾರದ ಜೋರು ಅಳು ಮೊಲದ ಮುಂದೆ ಬಂದದ್ದು ಹೇಗೆ? ಲೇಖನ ಈ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಮಗು ಮೊಲಕ್ಕೆ ಮೊದಲು ಹೆದರುತ್ತಿರಲಿಲ್ಲ ಎಂಬುದಕ್ಕೆ ಕೊಡುವ ಆಧಾರ ಸುಮಾರು 9 ತಿಂಗಳಿನಲ್ಲಿ ಮಾಡಿದ ಪರೀಕ್ಷೆ. ಆ ಎರಡು ತಿಂಗಳಲ್ಲಿ ಮಕ್ಕಳಿಗೆ ಹೊಸ ಮುಖ ಕಂಡರೇ ಅಳು ಬರುವ ಕಾಲ ಶುರುವಾಗಿರುತ್ತದೆಂದು ಮಗು ಸಾಕಿದ ಯಾವ ತಾಯಿಯೂ ಹೇಳಿಯಾಳು. ಹೋಲಿಸಿ ನೋಡಲು ಇನ್ನೊಂದು ಮಗುವಂತೂ ಇರಲೇ ಇಲ್ಲ.

ನಿಜವಾದ ಎಡವಟ್ಟು 11 ತಿಂಗಳು 20ನೇ ದಿನದ್ದು. ಅಂದು ಇಲಿ ಕಂಡರೂ ಅಳು ಬರಲಿಲ್ಲ. ಭಯ ಮಾಸುತ್ತಿದೆಯೆಂದು ಕಂಡು ಪ್ರಯೋಗಕಾರರು ಮತ್ತೆ ಸರಳು ಬಾರಿಸಿದರು. ಅಷ್ಟಕ್ಕೇ ನಿಲ್ಲಿಸದೆ ಮೊಲ, ನಾಯಿಗಳನ್ನೂ ನೇರವಾಗಿ ಸದ್ದಿಗೆ ಜೋಡಿಸಿದರು. ಅಂದಮೇಲೆ ತಿಂಗಳು ಕಳೆದು, 12 ತಿಂಗಳು 21ನೇ ದಿನ, ಅದೇ ಮೊಲ ಮತ್ತು ನಾಯಿಯನ್ನು ತೋರಿಸಿ ಪಡೆದ ಫಲಿತಾಂಶವನ್ನು 'ಹರಡಿದ ಭಯ' ಎನ್ನಲು ಯಾವ ಹಕ್ಕಿದೆ? ಸಾಕ್ಷಿಗೆ ಹೇಳಿಕೊಟ್ಟು ಕಟಕಟೆ ಹತ್ತಿಸಿದ ಹಾಗಾಯಿತು. (ಆಲ್ಬರ್ಟ್ ನಿಜಕ್ಕೂ ಯಾರ ಮಗ ಎಂಬ ಬಗ್ಗೆ 2009ರಲ್ಲೊಂದು, 2014ರಲ್ಲೊಂದು ವಾದ ಬಂದು ಪತ್ರಿಕೆಗಳ ಪುಟ ತುಂಬಿದವು. ಈ ಒಂದು ದಿನದ ಟಿಪ್ಪಣಿಗೆ ಅದರ ಅರ್ಧ ಗಮನ ಸಿಕ್ಕಿದ್ದರೂ ವಿಷಯಕ್ಕೆ ಹೆಚ್ಚು ಉಪಕಾರವಾಗುತ್ತಿತ್ತೆಂದು ನನ್ನ ಎಣಿಕೆ.) ಇಷ್ಟೆಲ್ಲ ಮಾಡಿಯೂ ಆ ಕೊನೆಯ ದಿನ ಮಗು ಇಲಿಯಿಂದ ಓಡಲಿಲ್ಲ, ಅಲುಗಾಡದೆ ಕೂತು ಅದು ಕೈಗೆ ತಾಗಿದಾಗಷ್ಟೇ ಕೈ ಹಿಂದೆಗೆಯಿತು. ಮೊಲದ ಕಿವಿಯನ್ನಂತೂ ತಾನಾಗಿಯೇ ಮುಟ್ಟಿ ಹಿಡಿಯಿತು.

ಯಾವ ಕೈಪಿಡಿಯೂ ಹೇಳದ ಸಂಗತಿಯೊಂದು ಲೇಖನದಲ್ಲೇ ಇದೆ. ಹೆದರಿದಾಗಲೆಲ್ಲ ಆಲ್ಬರ್ಟ್ ಹೆಬ್ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಿದ್ದ. ಇಟ್ಟುಕೊಂಡ ಮರುಕ್ಷಣ ಇಲಿಯೂ ಇಲ್ಲ, ಮೊಲವೂ ಇಲ್ಲ, ಮಗು ತಣ್ಣಗೆ ಕೂತಿರುತ್ತಿತ್ತು. ತಿಂಗಳ ನಂತರ ಚಲನಚಿತ್ರ ತೆಗೆಯುವಾಗ ಭಯ ಕಾಣಿಸಲಿ ಎಂದು ಅವರು ಬಾಯಿಂದ ಬೆರಳನ್ನು ಮತ್ತೆ ಮತ್ತೆ ಎಳೆದು ತೆಗೆಯಬೇಕಾಯಿತು. ಈ ಸಂಗತಿಯನ್ನು ವಾಟ್ಸನ್ ಬಳಸಿದ್ದು ಫ್ರಾಯ್ಡನ ವಿರುದ್ಧ: ಬೆರಳು ಚೀಪುವುದು ಕಾಮಸುಖವಲ್ಲ, ಭಯಕ್ಕೆ ತಡೆ ಇದ್ದೀತು ಎಂದು. ಮನೋವಿಶ್ಲೇಷಕರನ್ನು ಕೆಣಕುವ ಉತ್ಸಾಹದಲ್ಲಿ ಅದೇ ಬೆರಳು ತಮ್ಮ ವಾದಕ್ಕೂ ಚುಚ್ಚುತ್ತದೆಂಬುದು ಅವರಿಗೆ ಹೊಳೆದಂತಿಲ್ಲ. 1913ರಿಂದ ಅವರು ಸಾರುತ್ತ ಬಂದದ್ದು ಉದ್ದೀಪನ ಗೊತ್ತಿದ್ದರೆ ಪ್ರತಿಕ್ರಿಯೆಯನ್ನು ಮೊದಲೇ ಹೇಳಬಹುದು ಎಂದಲ್ಲವೆ? ಇಲ್ಲಿ ಉದ್ದೀಪನ ಅದೇ, ಸದ್ದಿನ ಕಲಿಕೆ ಅದೇ. ಆದರೂ ಭಯ ಬಂತೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಮಗು ತನ್ನ ಕೈಯಿಂದ ಏನು ಮಾಡಿತು ಎಂಬುದು. ಬೆರಳು ಚೀಪುವುದೂ ಒಂದು ಪ್ರತಿಕ್ರಿಯೆಯೇ, ಒಂದು ಇನ್ನೊಂದನ್ನು ತಡೆಯಿತು ಎಂದು ವರ್ತನಾವಾದಿಗಳು ಸಮಜಾಯಿಷಿ ಕೊಡಬಹುದು. ಕೊಡಲಿ. ಹಾಗಿದ್ದರೆ ಆ ತಡೆಯೂ ಫಲಿತಾಂಶದಲ್ಲಿ ಸೇರಬೇಕಿತ್ತು, ಬೆರಳು ಎಳೆದು ತೆಗೆದು ಸಿಕ್ಕ ಅಳುವೊಂದೇ ಅಲ್ಲ.

ಇನ್ನು ವಾಸಿ ಮಾಡಿದ ಮಾತು. ವಾಟ್ಸನ್ ಆಲ್ಬರ್ಟನ ಭಯವನ್ನು ತೆಗೆಯಲಿಲ್ಲ; ಮಗುವನ್ನು ಆಸ್ಪತ್ರೆಯಿಂದ ಕರೆದೊಯ್ದದ್ದರಿಂದ ಅವಕಾಶ ಸಿಗಲಿಲ್ಲವೆಂದು ಅವರೇ ಬರೆದಿದ್ದಾರೆ. ಅದೇ 1920ರಲ್ಲಿ ಅವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಬಿಡಬೇಕಾಯಿತು. ಭಯ ಬಿಡಿಸಿದವರು ಮೇರಿ ಕವರ್ ಜೋನ್ಸ್. ಮಗು ಪೀಟರ್ ಎಂಬ ಬೇರೊಬ್ಬ. ವರದಿ ಬಂದದ್ದು 1924ರಲ್ಲಿ. ವಾಟ್ಸನ್ನರ ಹೆಸರಿನ ಅಬ್ಬರದಲ್ಲಿ ಜೋನ್ಸರ ಎಚ್ಚರದ, ತಾಳ್ಮೆಯ ಕೆಲಸ ನಮ್ಮಲ್ಲಿ ಅಡಿಟಿಪ್ಪಣಿಯಾಗಿಯೂ ಉಳಿದಿಲ್ಲ. ಪೀಟರ್ ತಿನ್ನುತ್ತ ಕೂತಿರುವಾಗ ಮೊಲವನ್ನು ದೂರದಲ್ಲಿಟ್ಟು ಅವರು ಸ್ವಲ್ಪಸ್ವಲ್ಪವಾಗಿ ಹತ್ತಿರ ತಂದರು. ಮೊಲಕ್ಕೆ ಹೆದರದ ಬೇರೆ ಮಕ್ಕಳನ್ನೂ ಜತೆಗೆ ಕೂರಿಸುತ್ತಿದ್ದರು. ಬಾಯಿಗೆ ಹಿತವಾದದ್ದು ಸಿಕ್ಕಿರುವಾಗ ಭಯ ಹಿಂದೆ ಸರಿಯುತ್ತದೆ ಎಂಬುದನ್ನು ಆಲ್ಬರ್ಟ್ ತನ್ನ ಹೆಬ್ಬೆರಳಿನಿಂದ ಅವರಿಗಿಂತ ನಾಲ್ಕೈದು ವರ್ಷ ಮೊದಲೇ ತೋರಿಸಿದ್ದ. ಈ ತಳುಕು ಹಾಕುತ್ತಿರುವವನು ನಾನು; ಇದನ್ನು ಜೋನ್ಸರ ತಲೆಗೆ ಕಟ್ಟುವುದಿಲ್ಲ.