ತೂತಿನ ಜಾಗ: ಚೌಕದ ಟಾಲರೆನ್ಸೋ, ವೃತ್ತದ್ದೋ?

ತೂತು ಎಲ್ಲಿರಬೇಕು ಎಂದು ಹೇಳಲು ಎರಡು ಅಂಚುಗಳಿಂದ ಅಳತೆ ಕೊಟ್ಟು, ಒಂದೊಂದರ ಮುಂದೆಯೂ ಪ್ಲಸ್-ಮೈನಸ್ ಬರೆಯುವುದು ನಮ್ಮ ಡ್ರಾಯಿಂಗ್‌ಗಳಲ್ಲಿ ಇಂದಿಗೂ ಕಾಣುವ ರೂಢಿ. ಕಲಿಯುವುದು ಸುಲಭ, ವರ್ನಿಯರ್ ಹಿಡಿದು ಅಳೆಯುವುದೂ ಸುಲಭ. ಆದರೆ ಈ ರೂಢಿ ಕೆಲಸಕ್ಕೆ ಬರುವ ಭಾಗಗಳನ್ನೇ ಗುಜರಿಗೆ ಹಾಕಿಸುತ್ತದೆ ಎಂಬುದು ಈ ಲೇಖನದ ವಾದ.

ಎರಡು ಉಕ್ಕಿನ ಪ್ಲೇಟುಗಳನ್ನು ನಾಲ್ಕು ಎಂ10 ಬೋಲ್ಟು-ನಟ್ಟುಗಳಿಂದ ಬಿಗಿಯಬೇಕು ಎನ್ನಿ. ತೂತಿನ ಕನಿಷ್ಠ ವ್ಯಾಸ 10.4 ಮಿ.ಮೀ. ಅಂದರೆ 0.4 ಮಿ.ಮೀ. ಸಡಿಲ. ಪ್ರತಿ ಪ್ಲೇಟಿನಲ್ಲೂ ತೂತಿನ ಕೇಂದ್ರ ತನ್ನ ಸರಿಯಾದ ಜಾಗದಿಂದ ಯಾವ ದಿಕ್ಕಿಗಾದರೂ 0.2 ಮಿ.ಮೀ. ಸರಿಯಲಿ, ಬೋಲ್ಟು ಇಳಿಯುತ್ತದೆ. ‘ಯಾವ ದಿಕ್ಕಿಗಾದರೂ’ ಎಂದ ಮೇಲೆ ಅದು 0.4 ವ್ಯಾಸದ ವೃತ್ತ. ಇದನ್ನು ಪ್ಲಸ್-ಮೈನಸ್‌ನಲ್ಲಿ ಬರೆಯಹೊರಟರೆ ವೃತ್ತದೊಳಗೆ ಕೂರುವ ಚೌಕವನ್ನು ಹಿಡಿಯಬೇಕು: ±0.14. ಈಗ ಒಂದು ತೂತು ಅಡ್ಡಕ್ಕೆ 0.14, ಉದ್ದಕ್ಕೆ 0.14 ಸರಿದಿದೆ, ಕೇಂದ್ರದಿಂದ ಸುಮಾರು 0.2 ದೂರ, ಪಾಸ್. ಇನ್ನೊಂದು ಅಡ್ಡಕ್ಕಷ್ಟೇ 0.18 ಸರಿದಿದೆ, ದೂರ ಕಡಿಮೆ, ಆದರೂ ರಿಜೆಕ್ಟ್. ವೃತ್ತದ ವಿಸ್ತೀರ್ಣ ಆ ಚೌಕದ್ದಕ್ಕಿಂತ ಶೇ. 57ರಷ್ಟು ಹೆಚ್ಚು. (ಅಷ್ಟೇ ಪ್ರಮಾಣದ ಜಾಬುಗಳು ಉಳಿಯುತ್ತವೆ ಎಂದು ಇದರಿಂದ ತಿಳಿಯಬಾರದು. ಯಂತ್ರ ಚೆನ್ನಾಗಿದ್ದರೆ ಹೆಚ್ಚಿನ ತೂತುಗಳು ನಡುವೆಯೇ ಬೀಳುತ್ತವೆ.)

ಸ್ಕಾಟ್ಲೆಂಡಿನ ಅಲೆಕ್ಸಾಂಡ್ರಿಯಾದ ರಾಯಲ್ ಟಾರ್ಪೆಡೊ ಫ್ಯಾಕ್ಟರಿಯಲ್ಲಿದ್ದ ಸ್ಟ್ಯಾನ್ಲಿ ಪಾರ್ಕರ್ ಈ ದೋಷವನ್ನು 1930ರ ದಶಕದ ಕೊನೆಗೇ ಗುರುತಿಸಿ, ವೃತ್ತಾಕಾರದ ವಲಯವನ್ನು ಮುಂದಿಟ್ಟರು. ಇಂದಿನ ಜ್ಯಾಮಿತೀಯ ಟಾಲರೆನ್ಸ್ ಪದ್ಧತಿಗೆ ಅದೇ ಬುನಾದಿ.

ವೃತ್ತ ಬರೆದರೆ ಸಾಲದು, ಯಾವುದರಿಂದ ಅಳೆಯಬೇಕೆಂದೂ ಹೇಳಬೇಕು. ಗರಗಸದಲ್ಲಿ ಕೊಯ್ದ ಒರಟು ಅಂಚಿನಿಂದ ಒಬ್ಬರು, ಮಿಲ್ಲಿಂಗ್ ಆದ ಅಂಚಿನಿಂದ ಇನ್ನೊಬ್ಬರು ಅಳೆದರೆ ಒಂದೇ ತೂತಿಗೆ ಎರಡು ಉತ್ತರ. ಆದ್ದರಿಂದಲೇ ಡೇಟಮ್: ಕೂರುವ ಮುಖ ಮೂರು ಬಿಂದುಗಳಲ್ಲಿ, ಉದ್ದದ ಅಂಚು ಎರಡರಲ್ಲಿ, ಗಿಡ್ಡ ಅಂಚು ಒಂದರಲ್ಲಿ ತಾಗಬೇಕು, ಆಗ ಪ್ಲೇಟು ಅಲುಗದೆ ನಿಲ್ಲುತ್ತದೆ. ಪೀಣ್ಯದಂಥ ಕಡೆ ಜಾಬ್‌ವರ್ಕ್ ಮಾಡುವವರ ಕೈಗೆ ಬರುವುದು ಡ್ರಾಯಿಂಗ್ ಒಂದೇ. ಅದನ್ನು ಬರೆದವರು ಪಕ್ಕದಲ್ಲಿ ನಿಂತಿರುವುದಿಲ್ಲ. ಡೇಟಮ್ ಬಿಟ್ಟುಹೋದ ಡ್ರಾಯಿಂಗ್ ಕಳಿಸುವುದು ಅವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಸಂಬಂಧಿಸಿದವು ಎಂಬುದನ್ನೂ ಮರೆಯುವಂತಿಲ್ಲ. 32 ಡಿಗ್ರಿಯ ಶೆಡ್ಡಿನಲ್ಲಿ 500 ಮಿ.ಮೀ. ಉದ್ದದ ಅಲ್ಯೂಮಿನಿಯಂ ಸುಮಾರು 0.14 ಮಿ.ಮೀ. ಹಿಗ್ಗಿರುತ್ತದೆ, ಮೇಲಿನ ಚೌಕದ ಟಾಲರೆನ್ಸ್ ಅಷ್ಟಕ್ಕೇ ಮುಗಿಯಿತು.

ತೂತು 10.4ರ ಬದಲು 10.6 ಆದರೆ ಸಡಿಲ ಹೆಚ್ಚುತ್ತದೆ. ತೂತು ಅತಿ ಚಿಕ್ಕದಿದ್ದು ಲೋಹ ಅತಿ ಹೆಚ್ಚು ಉಳಿದಿರುವ ‘ಗರಿಷ್ಠ ಲೋಹ ಸ್ಥಿತಿ’ಯ ಚಿಹ್ನೆ ಹಾಕಿದ್ದರೆ ಸ್ಥಾನದ ಟಾಲರೆನ್ಸ್ ತಾನಾಗಿ 0.6ಕ್ಕೆ ಏರುತ್ತದೆ. ಪರೀಕ್ಷಿಸಲು ಲೆಕ್ಕವೂ ಬೇಡ: ನಾಲ್ಕು ಸರಿಯಾದ ಜಾಗಗಳಲ್ಲಿ 10 ಮಿ.ಮೀ. ಪಿನ್ನುಗಳಿರುವ ಗೇಜಿನ ಮೇಲೆ, ಡೇಟಮ್‌ಗಳಿಗೆ ತಾಗಿಸಿ, ಪ್ಲೇಟನ್ನು ಇಳಿಸಿದರಾಯಿತು. ಇಳಿದರೆ ಸ್ಥಾನ ಸರಿ. ತೂತಿನ ವ್ಯಾಸವನ್ನು ಮಾತ್ರ ಗೋ, ನೋ-ಗೋ ಗೇಜಿನಿಂದ ಪ್ರತ್ಯೇಕವಾಗಿಯೇ ನೋಡಬೇಕು.